ಎರವಲು ರಕ್ಷಣೆಯಿಂದ ಸ್ವಂತ ಶಕ್ತಿಗೆ: ಹೆಬ್ಬಾಳದ ಸೀರಂ ಸಂಸ್ಥೆಯ ನೂರು ವರ್ಷ, ತೆಂಗು ಸೀಮೆ ಕಂಡಂತೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಕೇಳಿದವರ ಕಣ್ಣ ಮುಂದೆ ತೆಂಗಿನ ತೋಟ, ಅಟ್ಟದ ಮೇಲೆ ವರ್ಷಗಟ್ಟಲೆ ಒಣಗುವ ಉಂಡೆ ಕೊಬ್ಬರಿ, ಮಾರುಕಟ್ಟೆಯ ಹರಾಜು ಬಂದು ನಿಲ್ಲುತ್ತವೆ. ಈ ಸೀಮೆಯ ಸಿರಿಯನ್ನು ಹೊತ್ತು ನಿಂತದ್ದು ದನ ಎಂಬುದು ಅಷ್ಟು ಸುಲಭವಾಗಿ ನೆನಪಿಗೆ ಬರುವುದಿಲ್ಲ. ಮಳೆಯನ್ನೇ ನಂಬಿದ ತೋಟವನ್ನು ವರ್ಷಕ್ಕೆರಡು ಸಲ ಉಳಬೇಕು. ಇಲ್ಲವಾದರೆ ಹರಳು ಕಾಯಿ ಉದುರುತ್ತದೆ, ಗರಿ ಜೋತು ಬೀಳುತ್ತದೆ. ಮರದ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಬೀಳಬೇಕು. ಕೊಬ್ಬರಿಯ ಚೀಲ ಗಾಡಿ ಏರಿ ಮಂಡಿ ಸೇರಬೇಕು. ಟ್ರ್ಯಾಕ್ಟರ್ ಬರುವ ಮೊದಲು ಇಷ್ಟಕ್ಕೂ ಇದ್ದ ಆಧಾರ ಜೋಡೆತ್ತು. ಎತ್ತು ಬಿದ್ದ ಮನೆಯ ತೋಟ ಎರಡು ಮೂರು ವರ್ಷದಲ್ಲಿ ಸೊರಗಿ ಬಿಡುತ್ತಿತ್ತು.

ಆ ಎತ್ತನ್ನು ಬೀಳಿಸುತ್ತಿದ್ದ ರೋಗಗಳಲ್ಲಿ ಎಲ್ಲಕ್ಕೂ ಮಿಗಿಲಾದದ್ದು ದೊಡ್ಡರೋಗ. ಇಂದು ನಲವತ್ತರ ಒಳಗಿನ ರೈತರು ಅದನ್ನು ಕಂಡಿಲ್ಲ. ಹೆಸರನ್ನು ಕೇಳಿದವರೂ ಕಡಿಮೆ. ಹೆಬ್ಬಾಳದ ಸಂಸ್ಥೆಯ ಶತಮಾನದ ಈ ಸಂಚಿಕೆಯಲ್ಲಿ ತೆಂಗು ಸೀಮೆಯವರ ಪಾಲಿನ ಲೇಖನಕ್ಕೆ ಜಾಗ ಸಿಕ್ಕಿದ್ದು ಆ ಮರೆವಿನ ಕಾರಣಕ್ಕೆ ಎಂದು ಭಾವಿಸಿದ್ದೇನೆ. ಒಂದು ರೋಗವನ್ನು ಭೂಮಿಯ ಮೇಲಿಂದಲೇ ಇಲ್ಲವಾಗಿಸಿದ ಕೆಲಸದಲ್ಲಿ ಹೆಬ್ಬಾಳದ ಕೈಯಿದೆ. ಆ ಕೈಯ ಆಸರೆ ಪಡೆದ ಊರುಗಳು ನಮ್ಮವು.

1925ಕ್ಕೆ ಮುಂಚೆ

ದೊಡ್ಡರೋಗ ವೈರಾಣುವಿನಿಂದ ಬರುವಂಥದ್ದು. ಮಕ್ಕಳಿಗೆ ತಗಲುವ ದಡಾರದ ವೈರಾಣುವೂ ಇದೂ ಒಂದೇ ಕುಲದವು. ಮೊದಲು ಉರಿ ಜ್ವರ. ಕಣ್ಣು ಮೂಗುಗಳಲ್ಲಿ ನೀರು, ಬಳಿಕ ಕೀವು. ಒಸಡು ನಾಲಗೆಗಳ ಮೇಲೆ ತವುಡು ಚೆಲ್ಲಿದ ಹಾಗೆ ಹುಣ್ಣು. ಆಮೇಲೆ ನಿಲ್ಲದ ಭೇದಿ. ಹೆಚ್ಚಿನ ದನ ವಾರ ಹತ್ತು ದಿನದಲ್ಲಿ ಪ್ರಾಣ ಬಿಡುತ್ತಿದ್ದವು. ಬದುಕಿ ಉಳಿದ ದನಕ್ಕೆ ಮಾತ್ರ ಆ ರೋಗ ಜೀವಮಾನದಲ್ಲಿ ಮತ್ತೆ ಬರುತ್ತಿರಲಿಲ್ಲ. ಹಳ್ಳಿಯ ದನಗಾಹಿಗೂ ಗೊತ್ತಿದ್ದ ಈ ಒಂದು ಸಂಗತಿಯ ಮೇಲೆ ಮುಂದಿನ ನೂರು ವರ್ಷದ ವಿಜ್ಞಾನ ಕಟ್ಟಲ್ಪಟ್ಟಿತು.

ಊರಿಗೆ ರೋಗ ಬಂತೆಂದರೆ ಮಾರಮ್ಮನಿಗೆ ಹರಕೆ, ತಮಟೆಯ ಸದ್ದಿನಲ್ಲಿ ಮಾರಿಯನ್ನು ಗಡಿ ದಾಟಿಸುವುದು, ಪಕ್ಕದ ಊರಿನ ದನ ಒಳಗೆ ಬಾರದಂತೆ ಕಾವಲು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಬೇರೆ ದಾರಿಯಿಲ್ಲದ ಜನ ಗಡಿಯನ್ನು ಕಾಯುತ್ತಿದ್ದರು; ಅಂಟುರೋಗಕ್ಕೆ ಗಡಿ ಕಾಯುವುದು ಇಂದಿಗೂ ಮೊದಲ ಮದ್ದೇ. ಆದರೆ ಜಾತ್ರೆ, ಸಂತೆ, ಬೇಸಿಗೆಯ ಮೇವಿನ ವಲಸೆಗಳು ಆ ಗಡಿಯನ್ನು ನಿಲ್ಲಗೊಡುತ್ತಿರಲಿಲ್ಲ. ಸಾವಿರಾರು ದನ ಒಂದೆಡೆ ಕೂಡಿ ಚದುರುವ ಜಾತ್ರೆಗಿಂತ ಒಳ್ಳೆಯ ಸವಾರಿ ಆ ವೈರಾಣುವಿಗೆ ಬೇಕಿರಲಿಲ್ಲ.

ಈ ಸೀಮೆಯ ದನದ ಬಾಳಿಗೆ ಇನ್ನೊಂದು ಘನತೆಯೂ ಇತ್ತು. ತಿಪಟೂರು ತಾಲ್ಲೂಕಿನ ಕೋನೇಹಳ್ಳಿ ಅಮೃತಮಹಲ್ ತಳಿಯ ನೆಲೆ. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿ ಹಳ್ಳಿಕಾರ್ ತಳಿಯ ನೆಲೆ. ಮೈಸೂರು ಅರಸರ ಬೆಣ್ಣೆಚಾವಡಿಯಾಗಿದ್ದ ದನದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟಳೆ ಬರೆಸಿದವನು ಟಿಪ್ಪು. ಫಿರಂಗಿ ಎಳೆದ ಆ ಎತ್ತುಗಳಿಗಾಗಿ ಕಾವಲುಗಳನ್ನು ಮೀಸಲಿಟ್ಟಿದ್ದರು. ಶತಮಾನಗಳ ಆಯ್ಕೆಯಿಂದ ಬಂದ ಒಂದು ತಳಿಯ ಮಂದೆಗೆ ರೋಗ ಹೊಕ್ಕರೆ ಹೋಗುವುದು ಆ ವರ್ಷದ ಉಳುಮೆಯೊಂದೇ ಅಲ್ಲ.

ಹೆಬ್ಬಾಳದ ನೆಲ ಈ ಕೆಲಸಕ್ಕೆ ಸಿಕ್ಕಿದ ಬಗೆ ಹೇಳಲೇಬೇಕು. 1899ರಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಕೃಷಿ ಪ್ರಯೋಗಕ್ಕೆಂದು ಅಲ್ಲಿ 30 ಎಕರೆ ಜಮೀನು ಕೊಟ್ಟರು. ರಸಾಯನಶಾಸ್ತ್ರಜ್ಞ ಲೇಹ್ಮನ್ ಅಲ್ಲಿ ಪ್ರಯೋಗಗಳನ್ನು ಆರಂಭಿಸಿದರು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಬಂದರು. ಟೊರಾಂಟೊದಲ್ಲಿ ಓದಿ ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರಿನ ಕೆಲಸಕ್ಕೆ ಸೇರಿದವರು, ಐದೇ ವರ್ಷದಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು ಅವರೇ. ಅವರ ಹೆಸರು ಕೃಷಿಕರಲ್ಲಿ ಬಾಳುತ್ತಿರುವುದು ಗಿಡದ ರೋಗಗಳ ಕೆಲಸದಿಂದ. ದನದ ರೋಗಕ್ಕೂ ಅವರು ಅಷ್ಟೇ ಮನಸ್ಸು ಕೊಟ್ಟರೆಂಬುದನ್ನು ಈ ನೂರನೆಯ ವರ್ಷದಲ್ಲಾದರೂ ನೆನೆಯಬೇಕು.

1925: ಸೀರಂ ಸಂಸ್ಥೆಯ ಹುಟ್ಟು

ಬ್ರಿಟಿಷ್ ಸರ್ಕಾರದ ಬ್ಯಾಕ್ಟೀರಿಯಾ ಪ್ರಯೋಗಾಲಯ 1889ರಲ್ಲಿ ಪುಣೆಯಲ್ಲಿ ಆರಂಭವಾಗಿ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ದೊಡ್ಡರೋಗದ ಸೀರಂ ಅಲ್ಲಿ ತಯಾರಾಗುತ್ತಿತ್ತು. ಆದರೆ ತಿಪಟೂರಿನ ಹಟ್ಟಿಯಲ್ಲಿ ಇಂದು ದನ ಮಲಗಿದರೆ ಮುಕ್ತೇಶ್ವರದ ಶೀಷೆ ಬರುವುದು ಎಂದಿಗೆ? ಸೋಂಕು ಅಷ್ಟು ದಿನ ಕಾಯುವುದಿಲ್ಲ. ಮೈಸೂರು ತನ್ನ ಸೀರಂ ತಾನೇ ಮಾಡಿಕೊಳ್ಳಬೇಕು ಎಂಬ ನಿಲುವು ಹುಟ್ಟಿದ್ದು ಹೀಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಕೋಲ್ಮನ್ ಅವರ ನೇತೃತ್ವದಲ್ಲಿ, 1925ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ತಲೆಯೆತ್ತಿತು.

ಹೊರಜಗತ್ತಿನಲ್ಲೂ ಅದೇ ಕಾಲ ಇದೇ ರೋಗದ್ದು. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹಡಗೇರಿದ ದನಗಳು ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಇಳಿದು ಅಲ್ಲಿನ ದನಗಳಿಗೆ ದೊಡ್ಡರೋಗ ಹಚ್ಚಿದವು. ಆ ಭೀತಿಯಿಂದಲೇ ಪ್ಯಾರಿಸ್‌ನಲ್ಲಿ 1924ರಲ್ಲಿ ಪ್ರಾಣಿರೋಗಗಳ ಅಂತರರಾಷ್ಟ್ರೀಯ ಕಚೇರಿ ಸ್ಥಾಪನೆಯಾಯಿತು. ಮರುವರ್ಷ ಹೆಬ್ಬಾಳ. ಒಂದೇ ವೈರಾಣು ಯುರೋಪಿನ ಬಂದರನ್ನೂ ಮೈಸೂರಿನ ಕೊಟ್ಟಿಗೆಯನ್ನೂ ಒಂದೇ ದಶಕದಲ್ಲಿ ಎಬ್ಬಿಸಿತ್ತು.

ಸೀರಂ ಮಾಡುವ ಬಗೆ ಇಂದಿನವರಿಗೆ ವಿಚಿತ್ರವೆನಿಸಬಹುದು. ರೋಗ ತಡೆದುಕೊಂಡ ಗಟ್ಟಿ ಎತ್ತಿಗೆ ರೋಗವಿರುವ ರಕ್ತವನ್ನು ಮತ್ತೆ ಮತ್ತೆ, ಹೆಚ್ಚು ಹೆಚ್ಚಾಗಿ ಚುಚ್ಚುತ್ತಾರೆ. ಅದರ ಮೈ ಪ್ರತಿಕಾಯಗಳನ್ನು ಹೇರಳವಾಗಿ ಹುಟ್ಟಿಸುತ್ತದೆ. ಆಮೇಲೆ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಹೆಪ್ಪುಗಟ್ಟಿಸಿ, ಮೇಲೆ ನಿಂತ ತಿಳಿಯನ್ನು ಬೇರ್ಪಡಿಸಿ, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸಿ ಶೀಷೆಗೆ ತುಂಬುತ್ತಾರೆ. ಆ ತಿಳಿಯೇ ಸೀರಂ. ದನದ ತೂಕ ನೋಡಿ ಪ್ರಮಾಣ. ಅಂದಿನ ವೈರಾಣು ಪ್ರತಿರಕ್ಷಾ ವಿಜ್ಞಾನದ ಪ್ರಯೋಗಾಲಯ ಅರ್ಧ ಕೊಟ್ಟಿಗೆಯೇ ಆಗಿತ್ತು: ಹುಲ್ಲು, ಹಿಂಡಿ, ಸಗಣಿಯ ನಡುವೆ ಶುದ್ಧವಾದ ಸೂಜಿ, ಕುದಿಸಿದ ಗಾಜು. ನೂರಾರು ಎತ್ತುಗಳ ಮೈಯಿಂದ ಬಂದ ರಕ್ಷಣೆ ಸಾವಿರಾರು ಎತ್ತುಗಳಿಗೆ ಹೋಯಿತು. ಆ ಮೂಕ ಎತ್ತುಗಳಿಗೂ ಈ ಸಂಚಿಕೆಯಲ್ಲಿ ಒಂದು ನಮಸ್ಕಾರ ಸಲ್ಲಬೇಕು.

ಆದರೆ ಸೀರಂ ಕೊಡುವುದು ಎರವಲು ರಕ್ಷಣೆ. ಬೇರೆ ಎತ್ತಿನ ಪ್ರತಿಕಾಯಗಳು ಈ ಎತ್ತಿನ ಮೈಯಲ್ಲಿ ಎರಡು ವಾರದ ಆಸುಪಾಸು ನಿಂತು ಕರಗಿ ಹೋಗುತ್ತವೆ. ಊರಲ್ಲಿ ರೋಗ ಹೊತ್ತಿಕೊಂಡಾಗ ಉಳಿದ ದನವನ್ನು ಕಾಪಾಡಲು ಅದು ಸಾಕು. ಮುಂದಿನ ವರ್ಷಕ್ಕೆ ಸಾಲದು. ಸ್ವಂತ ಶಕ್ತಿ ಹುಟ್ಟಿಸಬೇಕಾದರೆ ಸೀರಂ ಜೊತೆಯಲ್ಲೇ ರೋಗದ ರಕ್ತವನ್ನೂ ಚುಚ್ಚಬೇಕಿತ್ತು. ಸೀರಂ ಹಿಡಿದು ನಿಲ್ಲಿಸುವಷ್ಟರಲ್ಲಿ ದನದ ಮೈ ತನ್ನದೇ ಪ್ರತಿಕಾಯ ಕಲಿಯುತ್ತಿತ್ತು. ಈ ವಿಧಾನ ಫಲ ಕೊಟ್ಟಿತು, ಭಯವನ್ನೂ ತಂದಿತು. ಜೀವಂತ ರೋಗವನ್ನು ಊರೊಳಗೆ ತರುವುದು ಒಂದು ಅಪಾಯ. ಆ ರಕ್ತದಲ್ಲಿ ಉಣ್ಣೆ ಹುಳುವಿನಿಂದ ಬರುವ ಜ್ವರದ ಜೀವಿಗಳಿದ್ದರೆ ಅವೂ ದನದ ಮೈ ಸೇರುತ್ತಿದ್ದವು. ಬರೀ ಸೀರಂ ಸಾಕೆನ್ನುವವರು, ಎರಡೂ ಬೇಕೆನ್ನುವವರು ಎಂದು ಪಶುವೈದ್ಯರಲ್ಲಿ ಎರಡು ಅಭಿಪ್ರಾಯವಿದ್ದುದು ಸಹಜವೇ. ಇಬ್ಬರದೂ ದನದ ಹಿತದ ಮಾತಾಗಿತ್ತು.

1927–1954: ಆಡಿನ ಮೈ ದಾಟಿದ ವೈರಾಣು

ಆ ಚರ್ಚೆಗೆ ಉತ್ತರ ಸಿಕ್ಕಿದ್ದು ಮುಕ್ತೇಶ್ವರದಲ್ಲಿ. ಉಣ್ಣೆಜ್ವರದ ಜೀವಿಗಳು ಆಡಿನ ಮೈಯಲ್ಲಿ ಬದುಕುವುದಿಲ್ಲ. ಹಾಗಾಗಿ ದೊಡ್ಡರೋಗದ ವೈರಾಣುವನ್ನು ಆಡಿನಿಂದ ಆಡಿಗೆ ದಾಟಿಸಿದರೆ ಅದು ಶುದ್ಧವಾಗುತ್ತದೆ ಎಂಬುದು ಎಣಿಕೆ. ಜೆ. ಟಿ. ಎಡ್ವರ್ಡ್ಸ್ ಹೀಗೆ ದಾಟಿಸುತ್ತ ಹೋದಂತೆ ಎಣಿಸದ ಇನ್ನೊಂದು ಫಲ ಕಂಡರು: ಆಡಿಗೆ ಒಗ್ಗಿದ ವೈರಾಣು ದನವನ್ನು ಕೊಲ್ಲುವ ಬಲ ಕಳೆದುಕೊಂಡಿತ್ತು, ರಕ್ಷಣೆ ಕಲಿಸುವ ಗುಣ ಮಾತ್ರ ಉಳಿಸಿಕೊಂಡಿತ್ತು. ಸೀರಂ ಇಲ್ಲದೆಯೂ ಅದನ್ನು ಕೊಡಬಹುದಿತ್ತು. 1920ರ ದಶಕದ ಕೊನೆಗೆ ಹೊರಬಂದ ಈ ಆಡಿನ ಲಸಿಕೆ ಬಯಲುಸೀಮೆಯ ನಾಟಿ ದನಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದು ಸೂಜಿ, ವರ್ಷಗಟ್ಟಲೆ ರಕ್ಷಣೆ. ಮುಂದೆ ಅದನ್ನು ಒಣಗಿಸಿ ಪುಡಿಯಾಗಿ ಸಾಗಿಸುವುದೂ ಸಾಧ್ಯವಾಯಿತು.

ಸೀರಂ ಮನೆಯಾಗಿ ಹುಟ್ಟಿದ ಸಂಸ್ಥೆ ಲಸಿಕೆ ಮನೆಯಾಗಿ ಬದಲಾಗುವುದೆಂದರೆ ಬರೀ ಶೀಷೆಯ ಚೀಟಿ ಬದಲಾಯಿಸುವುದಲ್ಲ. ಎತ್ತಿನ ಕೊಟ್ಟಿಗೆಗಳ ಜಾಗಕ್ಕೆ ತಂಪು ಕೋಣೆ ಬರಬೇಕು, ರಕ್ತ ತೆಗೆಯುವ ನುರಿತ ಕೈ ಬೇರೆ ಕೆಲಸ ಕಲಿಯಬೇಕು. ರೋಗ ಬಂದ ಮೇಲೆ ಓಡುವ ಇಲಾಖೆ ಬರುವ ಮೊದಲೇ ಹೊರಡಲು ಕಲಿಯಬೇಕು. ಈ ಕೊನೆಯ ಬದಲಾವಣೆ ಎಲ್ಲಕ್ಕಿಂತ ಕಷ್ಟದ್ದು. ಆರೋಗ್ಯವಾಗಿರುವ ಎತ್ತಿಗೆ ಸೂಜಿ ಏಕೆ ಎಂದು ಒಕ್ಕಲಿಗ ಕೇಳಿದರೆ ಅದಕ್ಕೆ ಸಾಕ್ಷಿ ತೋರಿಸುವುದು ಹೇಗೆ? ಸೂಜಿ ಹಾಕಿದರೆ ಹಾಲು ಬತ್ತುತ್ತದೆ, ಗಬ್ಬದ ಹಸು ಕಂದು ಹಾಕುತ್ತದೆ ಎಂಬ ಅಂಜಿಕೆ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಲಸಿಕೆಯ ತಂಡ ಬರುವುದು ಕಂಡು ದನವನ್ನು ತೋಟದಾಚೆ ಹೊಡೆದುಬಿಡುವವರೂ ಇದ್ದರು. ಆ ಅಂಜಿಕೆಯನ್ನು ಗೆದ್ದದ್ದು ಭಾಷಣವಲ್ಲ. ಸೂಜಿ ಹಾಕಿಸಿದ ಕೊಟ್ಟಿಗೆಯಲ್ಲಿ ದನ ನಿಂತಿತು, ಹಾಕಿಸದ ಕೊಟ್ಟಿಗೆ ಬರಿದಾಯಿತು. ಅದನ್ನು ಊರೇ ನೋಡಿತು.

ಕೋಲ್ಮನ್ 1934ರಲ್ಲಿ ಮೈಸೂರು ಬಿಟ್ಟರು. ಹೆಬ್ಬಾಳ ಅಷ್ಟರಲ್ಲಿ ತನ್ನ ಕಾಲ ಮೇಲೆ ತಾನು ನಿಂತಿತ್ತು.

1954–1987: ದೇಶದ ಕೆಲಸ, ಊರಿನ ಬದಲಾವಣೆ

1954ರಲ್ಲಿ ಭಾರತ ಸರ್ಕಾರ ದೊಡ್ಡರೋಗ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅಲ್ಲಿಯವರೆಗೆ ಒಂದು ಸಂಸ್ಥಾನದ ಅಗತ್ಯಕ್ಕೆ ದುಡಿದ ಹೆಬ್ಬಾಳ ದೇಶದ ಲೆಕ್ಕಕ್ಕೆ ಸೇರಿತು. 1958ರಲ್ಲಿ ಪಕ್ಕದಲ್ಲೇ ಪಶುವೈದ್ಯಕೀಯ ಕಾಲೇಜು ಬಂತು. ಲಸಿಕೆ ಮಾಡುವವರು ಒಂದು ಕಡೆ, ಅದನ್ನು ಹಳ್ಳಿಗೆ ಒಯ್ಯುವ ಡಾಕ್ಟರುಗಳನ್ನು ತಯಾರಿಸುವವರು ಗೋಡೆಯಾಚೆ. ನಮ್ಮ ಮೂರು ತಾಲ್ಲೂಕುಗಳ ಆಸ್ಪತ್ರೆಗಳಿಗೆ ಬಂದ ಅನೇಕ ಪಶುವೈದ್ಯರು ಆ ಆವರಣದಲ್ಲಿ ಓದಿದವರೇ.

ಇದೇ ಹೊತ್ತಿಗೆ ತೆಂಗು ಸೀಮೆಯ ಕೊಟ್ಟಿಗೆಯೂ ಬದಲಾಗತೊಡಗಿತ್ತು. 1970ರ ದಶಕದಿಂದ ಹಾಲಿನ ಸಂಘಗಳು ಊರೂರಿಗೆ ಬಂದವು. ಎತ್ತಿನ ಗೂಟಕ್ಕೆ ಮಿಶ್ರತಳಿ ಹಸು ಬಂತು. ಕೊಬ್ಬರಿಯ ದರ ಕುಸಿದ ವರ್ಷ, ಕಪ್ಪುತಲೆ ಹುಳು ಗರಿಯನ್ನು ಒಣಗಿಸಿದ ವರ್ಷ ಮನೆಯನ್ನು ನಡೆಸಿದ್ದು ಬೆಳಗಿನ ಸಂಜೆಯ ಹಾಲು. ಆದರೆ ನಾಟಿ ದನಕ್ಕೆ ಸೌಮ್ಯವಾಗಿದ್ದ ಆಡಿನ ಲಸಿಕೆ ಈ ಮಿಶ್ರತಳಿಗೆ ಉಗ್ರವಾಗಿತ್ತು. ಕೆಲವು ಹಸು ಲಸಿಕೆಯಿಂದಲೇ ಕಾಯಿಲೆ ಬೀಳುತ್ತಿದ್ದವು. ಹೊಸ ಹಸುವಿಗೆ ಹೊಸ ಲಸಿಕೆ ಬೇಕಾಯಿತು.

ಅದು ಸಿದ್ಧವಾಗಿಯೇ ಇತ್ತು. ಕೀನ್ಯಾದ ಮುಗುಗಾದಲ್ಲಿ ವಾಲ್ಟರ್ ಪ್ಲೋರೈಟ್ 1950ರ ದಶಕದ ಕೊನೆಗೆ ವೈರಾಣುವನ್ನು ಕರುವಿನ ಮೂತ್ರಪಿಂಡದ ಕೋಶಗಳಲ್ಲಿ, ಗಾಜಿನ ಪಾತ್ರೆಯೊಳಗೆ ಬೆಳೆಸುತ್ತ ಸುಮಾರು 90 ಸಲ ದಾಟಿಸಿ ಸಂಪೂರ್ಣ ಸಾಧುವಾಗಿಸಿದ್ದರು. ಈ ಲಸಿಕೆ ಯಾವ ತಳಿಗೂ, ಗಬ್ಬದ ಹಸುವಿಗೂ, ಎಳೆಗರುವಿಗೂ ಅಪಾಯವಿಲ್ಲದ್ದು. ಒಂದು ಸೂಜಿಗೆ ಜೀವಮಾನದ ರಕ್ಷಣೆ. ಪ್ಲೋರೈಟ್ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಈ ಲಸಿಕೆಯ ಒಂದೇ ತೊಡಕೆಂದರೆ ತಂಪು. ಮಂಜುಗಡ್ಡೆ ಕರಗಿದರೆ ಲಸಿಕೆ ನೀರು. ಹುಳಿಯಾರು, ಹಂದನಕೆರೆ ಕಡೆಯ ಬಿಸಿಲಿನಲ್ಲಿ ಲಸಿಕೆಯ ಫ್ಲಾಸ್ಕ್ ಹೊತ್ತು ಹಟ್ಟಿಯಿಂದ ಹಟ್ಟಿಗೆ ಹೋದ ಕಂಪೌಂಡರುಗಳ ದುಡಿಮೆ ಯಾವ ಪ್ರಬಂಧದಲ್ಲೂ ಅಚ್ಚಾಗಿಲ್ಲ.

1987–2003: ವೈರಾಣುವಿನ ಮೈಯ ಯಾವ ಭಾಗ?

ಹೆಬ್ಬಾಳದಿಂದ ಕೆಲವೇ ಮೈಲಿ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸೂಕ್ಷ್ಮಜೀವಿ ಮತ್ತು ಕೋಶ ಜೀವಶಾಸ್ತ್ರ ವಿಭಾಗದಲ್ಲಿ, ಪ್ರೊ. ಎಂ. ಎಸ್. ಶೈಲಾ ಈ ಹೊತ್ತಿಗೆ ದೊಡ್ಡರೋಗದ ವೈರಾಣುವನ್ನು ಕೈಗೆತ್ತಿಕೊಂಡಿದ್ದರು. ಮೇಲುಕೋಟೆ ಸುಬ್ಬರಾವ್ ಶೈಲಾ ಎಂಬುದು ಪೂರ್ಣ ಹೆಸರು. ನಮ್ಮ ನಾಡಿನ ವೈರಾಣು ಪ್ರತಿರಕ್ಷಾ ವಿಜ್ಞಾನದಲ್ಲಿ ಅವರದು ಮುಂದಾಳಿನ ಸ್ಥಾನವೆಂದು ನಾನು ನಂಬುತ್ತೇನೆ. ಕಾರಣ, ದನದ ರೋಗವೆಂದರೆ ಅನ್ವಯದ ಕೆಲಸ, ಮೂಲ ವಿಜ್ಞಾನಕ್ಕೆ ತಕ್ಕದ್ದಲ್ಲ ಎಂಬ ಭಾವನೆ ಎಷ್ಟೋ ಕಡೆ ಇದ್ದಾಗ ಅವರು ಹಳ್ಳಿಯ ಕೊಟ್ಟಿಗೆಯ ಕಾಯಿಲೆಯನ್ನು ಅಣುಗಳ ಮಟ್ಟಕ್ಕೆ ಒಯ್ದು ಪ್ರಶ್ನೆ ಕೇಳಿದರು.

ಮೊದಲ ದೊಡ್ಡ ಫಲ ಬಂದದ್ದು ಕುರಿಯಿಂದ. 1987ರಲ್ಲಿ ತಮಿಳುನಾಡಿನ ವಿಲ್ಲುಪುರಂ ಕಡೆಯ ಅರಸೂರಿನಲ್ಲಿ ಕುರಿಗಳು ಜ್ವರ, ಬಾಯಿಹುಣ್ಣು, ಭೇದಿಯಿಂದ ಸತ್ತವು. ಅಂಥ ಲಕ್ಷಣ ಕಂಡರೆ ದೊಡ್ಡರೋಗವೆಂದು ಬರೆದುಕೊಳ್ಳುವುದು ರೂಢಿ. ಕುರಿಗೂ ದೊಡ್ಡರೋಗ ತಗಲುವುದುಂಟಾದ್ದರಿಂದ ಆ ಊಹೆಯನ್ನು ತಳ್ಳಿಹಾಕುವುದೂ ಸುಲಭವಿರಲಿಲ್ಲ. ಶೈಲಾ ಮತ್ತು ಸಹೋದ್ಯೋಗಿಗಳು ಅದು ಬೇರೆಯೇ ವೈರಾಣು, ಪಿಪಿಆರ್, ಎಂದು ಗುರುತಿಸಿ 1989ರಲ್ಲಿ ಪ್ರಕಟಿಸಿದರು. 1942ರಲ್ಲಿ ಆಫ್ರಿಕದ ಐವರಿಕೋಸ್ಟ್‌ನಲ್ಲಿ ಮೊದಲು ಕಂಡ ರೋಗ ಭಾರತದಲ್ಲಿ ಇದೆಯೆಂದು ಗೊತ್ತಾದದ್ದು ಆಗಲೇ. ನಮ್ಮ ಕಡೆ ಕುರಿಗಾಹಿಗಳು ಹಿರೇಬೇನೆ ಎನ್ನುವುದು ಇದನ್ನೇ.

ಈ ಬೇರ್ಪಡಿಕೆ ಏಕೆ ಇಷ್ಟು ಮುಖ್ಯ? ದೊಡ್ಡರೋಗವನ್ನು ಅಳಿಸಬೇಕಾದರೆ ಅದು ಎಲ್ಲೆಲ್ಲಿ ಅಡಗಿದೆಯೆಂದು ತಿಳಿದಿರಬೇಕು. ಕುರಿಯ ಪ್ರತಿಯೊಂದು ಸಾವನ್ನೂ ದೊಡ್ಡರೋಗವೆಂದು ಎಣಿಸಿದರೆ ಆ ಲೆಕ್ಕ ಎಂದಿಗೂ ಸೊನ್ನೆಗೆ ಬರುವುದಿಲ್ಲ. ಎರಡು ವೈರಾಣುಗಳನ್ನು ಬಿಡಿಸಿ ನೋಡುವ ಪರೀಕ್ಷೆಗಳು ಬಂದ ಮೇಲೆಯೇ ದೊಡ್ಡರೋಗದ ನಿಜವಾದ ಉಳಿಕೆ ಎಷ್ಟು ಎಂದು ಅಳೆಯುವುದು ಸಾಧ್ಯವಾಯಿತು. 1996ರಲ್ಲಿ ಶೈಲಾ ಹೊರದೇಶಗಳ ವಿಜ್ಞಾನಿಗಳ ಜೊತೆಗೂಡಿ ಪಿಪಿಆರ್ ವೈರಾಣುಗಳನ್ನು ಜೀನಿನ ಆಧಾರದ ಮೇಲೆ ನಾಲ್ಕು ವಂಶಗಳಾಗಿ ವಿಂಗಡಿಸಿದರು. ಯಾವ ದೇಶದ ರೋಗ ಎಲ್ಲಿಂದ ಬಂತೆಂದು ಹುಡುಕಲು ಇಂದಿಗೂ ಬಳಸುವ ಚೌಕಟ್ಟು ಅದು.

ಇನ್ನು ಪ್ರತಿರಕ್ಷೆಯ ಪ್ರಶ್ನೆ. ಸೀರಂ ಕಾಲದಲ್ಲಿ ರೋಗದ ರಕ್ತವನ್ನೇ ಕೊಡುತ್ತಿದ್ದರು, ಲಸಿಕೆಯ ಕಾಲದಲ್ಲಿ ಇಡೀ ವೈರಾಣು. ಆದರೆ ದನದ ಮೈ ನಿಜವಾಗಿ ಗುರುತು ಹಿಡಿಯುವುದು ವೈರಾಣುವಿನ ಯಾವ ಭಾಗವನ್ನು? ವೈರಾಣುವಿನ ಹೊರಮೈಯಲ್ಲಿ ಹೆಚ್ ಎಂಬ ಪ್ರೋಟೀನಿದೆ. ದನದ ಕೋಶಕ್ಕೆ ಅಂಟಿಕೊಳ್ಳುವುದು ಅದರಿಂದಲೇ. ಶೈಲಾ ಅವರ ತಂಡ ಆ ಒಂದು ಪ್ರೋಟೀನಿನ ಜೀನನ್ನು ಮಾತ್ರ ಕೀಟಗಳ ವೈರಾಣುವೊಂದಕ್ಕೆ ಸೇರಿಸಿ, ಕೀಟದ ಕೋಶಗಳಲ್ಲಿ ಹೆಚ್ ಪ್ರೋಟೀನನ್ನು ಬೆಳೆಸಿತು. 1997ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಅವರ ಜೊತೆಗಿದ್ದವರು ಹೆಬ್ಬಾಳದ ಪ್ರಾಣಿರೋಗ ಸಮೀಕ್ಷೆಯ ಯೋಜನೆಯ ಎಂ. ರಾಜಶೇಖರ್ ಮತ್ತಿತರರು. ಅಣುಜೀವಶಾಸ್ತ್ರದ ಪ್ರಯೋಗಾಲಯವೂ ದನವನ್ನು ಬಲ್ಲ ಹೆಬ್ಬಾಳವೂ ಕೂಡಿದ್ದರಿಂದಲೇ ಅದು ಸಾಧ್ಯವಾಯಿತು. ಆ ಒಂದೇ ಪ್ರೋಟೀನು ರೋಗನಿರೋಧವನ್ನು ಹುಟ್ಟಿಸಿತು, ರಕ್ಷಣೆಯನ್ನೂ ಕೊಟ್ಟಿತು. ಮುಂದಿನ ಪ್ರಯೋಗಗಳಲ್ಲಿ, ದನದ ಮೈ ಬರೀ ಪ್ರತಿಕಾಯಗಳನ್ನಲ್ಲದೆ ಸೋಂಕು ತಗಲಿದ ಕೋಶವನ್ನೇ ಹುಡುಕಿ ಕೊಲ್ಲುವ ಟಿ ಕೋಶಗಳನ್ನೂ ಇದರಿಂದ ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿದರು. ಪಿಪಿಆರ್‌ನ ಇದೇ ಬಗೆಯ ಪ್ರೋಟೀನಿನ ಮೇಲೆ ಆಡುಗಳಲ್ಲಿ ಪರೀಕ್ಷೆ ನಡೆಸಿ, ಮೈ ಗುರುತಿಸುವ ತುಣುಕು ಯಾವುದೆಂದು ಬೆರಳಿಟ್ಟು ಹೇಳಿದರು.

ಅಲ್ಲಿಗೂ ನಿಲ್ಲಲಿಲ್ಲ. ಸೂಜಿಯೇ ಇಲ್ಲದೆ, ಮೇವಿನಲ್ಲೇ ಲಸಿಕೆ ಕೊಡಬಹುದೇ? ಗಂಧದ ಮರದ ಅಂಗಾಂಶ ಕೃಷಿಗೆ ಹೆಸರಾದ ಜಿ. ಲಕ್ಷ್ಮೀಸೀತಾ ಅವರ ಜೊತೆ ಸೇರಿ ಕಡಲೆಕಾಯಿ ಗಿಡಕ್ಕೂ ತೊಗರಿ ಗಿಡಕ್ಕೂ ಹೆಚ್ ಪ್ರೋಟೀನಿನ ಜೀನನ್ನು ಸೇರಿಸಿದರು. ಆ ಕಡಲೆಕಾಯಿ ಗಿಡವನ್ನು ತಿಂದ ದನಗಳಲ್ಲಿ ದೊಡ್ಡರೋಗದ ವಿರುದ್ಧದ ಪ್ರತಿಕ್ರಿಯೆ ಕಂಡಿತೆಂದು 2003ರಲ್ಲಿ ವರದಿಯಾಯಿತು. ಅದು ಮಾರುಕಟ್ಟೆಗೆ ಬಂದ ಲಸಿಕೆಯಲ್ಲ. ಆ ಹೊತ್ತಿಗೆ ರೋಗವೇ ಹೊರಟು ಹೋಗುತ್ತಿತ್ತು. ಆದರೂ ಶಿರಾ, ಪಾವಗಡದ ಹೊಲದ ಬೆಳೆಯೊಂದು ದನದ ಕೊರಳಿನ ಸೂಜಿಗೆ ಬದಲಾಗಬಹುದೆಂದು ನಮ್ಮ ನಾಡಿನ ಪ್ರಯೋಗಾಲಯ ತೋರಿಸಿದ್ದು ಸಣ್ಣ ಮಾತಲ್ಲ.

1992–2011: ಸೂಜಿ ನಿಲ್ಲಿಸುವ ಧೈರ್ಯ

1980ರ ದಶಕದ ಕೊನೆಗೆ ದೊಡ್ಡರೋಗ ಉತ್ತರದ ಬಹುಭಾಗದಲ್ಲಿ ಶಮನವಾಗಿತ್ತು. ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಮಾತ್ರ ಬಿಡದೆ ಮರುಕಳಿಸುತ್ತಿತ್ತು. 1992ರಲ್ಲಿ ಯುರೋಪಿನ ನೆರವಿನಿಂದ ಆರಂಭವಾದ ಹೊಸ ಕಾರ್ಯಕ್ರಮ ಈ ದಕ್ಷಿಣದ ನೆಲದ ಮೇಲೆ ಕಣ್ಣಿಟ್ಟಿತು. ಮೊದಲು ಬಿಡದೆ ಲಸಿಕೆ, ಆಮೇಲೆ ರಕ್ತ ತೆಗೆದು ಪ್ರತಿಕಾಯ ಎಷ್ಟು ದನದಲ್ಲಿದೆ ಎಂಬ ಅಳತೆ. 1995ರಲ್ಲಿ ತಮಿಳುನಾಡಿನಲ್ಲಿ ಕಂಡದ್ದೇ ದೇಶದ ಕಡೆಯ ಪ್ರಕರಣ.

ಕಠಿಣ ನಿರ್ಧಾರ ಬಂದದ್ದು ಇದಾದ ಮೇಲೆ. ಲಸಿಕೆ ನಿಲ್ಲಿಸದೆ ರೋಗ ಹೋಗಿದೆಯೆಂದು ಸಾಬೀತು ಮಾಡಲಾಗದು, ಏಕೆಂದರೆ ಲಸಿಕೆಯ ಪ್ರತಿಕಾಯವೂ ಸೋಂಕಿನ ಪ್ರತಿಕಾಯವೂ ರಕ್ತದಲ್ಲಿ ಒಂದೇ ರೀತಿ ಕಾಣುತ್ತವೆ. ದಶಕಗಳ ಕಾಲ ಲಸಿಕೆಯನ್ನೇ ಕರ್ತವ್ಯವೆಂದು ನಂಬಿದ ಪಶುವೈದ್ಯರಿಗೆ ಅದನ್ನು ನಿಲ್ಲಿಸುವುದು ದನವನ್ನು ಬಯಲಿನಲ್ಲಿ ಬಿಟ್ಟು ಬಂದ ಭಾವ ತಂದಿದ್ದರೆ ಆಶ್ಚರ್ಯವಿಲ್ಲ. ಸಭೆಗಳಲ್ಲಿ ಬಿಸಿ ಮಾತು ನಡೆದವೆಂದು ಹಿರಿಯರು ಹೇಳುವುದುಂಟು. ಕೊನೆಗೆ ಎಲ್ಲರೂ ಒಪ್ಪಿದರು. ಲಸಿಕೆಯ ಜಾಗಕ್ಕೆ ಹುಡುಕಾಟ ಬಂತು: ಹಳ್ಳಿ ಹಳ್ಳಿಗೂ ಹೋಗಿ ಬಾಯಿಹುಣ್ಣು, ಭೇದಿ ಕಂಡ ದನವಿದೆಯೇ ಎಂದು ಕೇಳಿ ಬರೆದುಕೊಳ್ಳುವುದು, ದನ ಸಾಗುವ ದಾರಿಗಳ ಮೇಲೆ ನಿಗಾ. ಇಲ್ಲ, ಇಲ್ಲ, ಇಲ್ಲ ಎಂಬ ಉತ್ತರಗಳನ್ನು ವರ್ಷಗಟ್ಟಲೆ ಕೂಡಿಹಾಕಿದ ದಾಖಲೆಯ ಬಲದ ಮೇಲೆ 2006ರ ಮೇ ತಿಂಗಳಲ್ಲಿ ಭಾರತವನ್ನು ದೊಡ್ಡರೋಗದ ಸೋಂಕಿಲ್ಲದ ದೇಶವೆಂದು ಘೋಷಿಸಿದರು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಮನುಷ್ಯ ಪ್ರಯತ್ನದಿಂದ ಅಳಿದ ವೈರಾಣು ರೋಗಗಳಲ್ಲಿ ಸಿಡುಬು ಮೊದಲನೆಯದು, ಇದು ಎರಡನೆಯದು. ಆ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಸಣ್ಣದಾಗಿ ಬಂತು. ತಿಪಟೂರಿನ ಮಂಡಿಯಲ್ಲಿ ಅಂದು ಮಾತು ಕೊಬ್ಬರಿ ದರದ್ದೇ ಆಗಿದ್ದಿರಬೇಕು.

ಹೆಸರು, ಕಟ್ಟಡ, ಆಡಳಿತ

ಸೀರಂ ಸಂಸ್ಥೆ ಎಂಬ ಹೆಸರು ಈ ನಡುವೆ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಎಂದಾಯಿತು. ಗಂಟಲು ಬೇನೆ, ಚಪ್ಪೆರೋಗ, ನೆರಡಿ, ಕುರಿಗಳ ಕರುಳುಬೇನೆ, ಕೋಳಿಗಳ ರಾಣಿಖೇತ್ ಮುಂತಾದವಕ್ಕೆ ಲಸಿಕೆ ಅಲ್ಲಿಂದಲೇ. ರೋಗ ಪತ್ತೆಯ ಪ್ರಯೋಗಾಲಯವೂ ಅಲ್ಲಿ ಬೆಳೆಯಿತು. 1987ರಲ್ಲಿ ಪ್ರಾಣಿರೋಗ ಸಮೀಕ್ಷೆಯ ಕೇಂದ್ರ ಯೋಜನೆಯೊಂದು ಅದೇ ಆವರಣದಲ್ಲಿ ಮೊಳೆತು, 2000ದಲ್ಲಿ ನಿರ್ದೇಶನಾಲಯವಾಗಿ, 2013ರಲ್ಲಿ ಯಲಹಂಕದ ನಿವೇದಿ ಸಂಸ್ಥೆಯಾಗಿ ಬೆಳೆಯಿತು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಹೆಬ್ಬಾಳದ ಸಂಸ್ಥೆ ಅದರ ಅಂಗವಾಯಿತು. ಇಲಾಖೆಯ ನೆರಳಿನಿಂದ ವಿಶ್ವವಿದ್ಯಾಲಯದ ನೆರಳಿಗೆ ಹೋಗುವಾಗ ಹುದ್ದೆ, ಹಣ, ಹೊಣೆಗಳ ಬಗ್ಗೆ ಕೆಲವು ಅನುಮಾನಗಳಿದ್ದವು. ಕಾಲ ಅವನ್ನು ಸರಿಪಡಿಸಿತು. ನಮಗೆ ಇದರಲ್ಲಿ ಒಂದು ಸಮಾಧಾನವೂ ಇದೆ. ಕೋನೇಹಳ್ಳಿಯ ಅಮೃತಮಹಲ್ ಕೇಂದ್ರವೂ ಈಗ ಅದೇ ವಿಶ್ವವಿದ್ಯಾಲಯದ್ದು. ತಳಿಯನ್ನು ಸಾಕುವ ನೆಲವೂ ಅದನ್ನು ಕಾಪಾಡುವ ಪ್ರಯೋಗಾಲಯವೂ ಒಂದೇ ಸೂರಿನಡಿ ಬಂದಿವೆ. ಕಾವಲುಗಳು ಮಾತ್ರ ವರ್ಷ ವರ್ಷವೂ ಕುಗ್ಗುತ್ತಿವೆ. ಅದಕ್ಕೆ ಯಾವ ಲಸಿಕೆಯೂ ಇಲ್ಲ, ಜನರೇ ಮನಸ್ಸು ಮಾಡಬೇಕು.

ಈಗಿನ ಕೆಲಸ

ದೊಡ್ಡರೋಗ ಹೋಯಿತೆಂದು ವೈರಾಣುಗಳು ಹೋಗಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ದಕ್ಷಿಣ ಕರ್ನಾಟಕದ ಮಿಶ್ರತಳಿ ಹಸುಗಳನ್ನು ಕೊಂದಿತು. 2019ರಲ್ಲಿ ಒಡಿಶಾದಲ್ಲಿ ಕಾಲಿಟ್ಟ ಚರ್ಮಗಂಟು ರೋಗ ನಮ್ಮ ಕೊಟ್ಟಿಗೆಗಳಿಗೂ ಬಂದು ಮೈಯೆಲ್ಲ ಗಂಟು ಎಬ್ಬಿಸಿತು. ಅದಕ್ಕೆಂದೇ ಮಾಡಿದ ಲಸಿಕೆ ಕೈಗೆ ಬರುವ ಮೊದಲು ಅದೇ ಕುಲದ ಆಡುಸಿಡುಬಿನ ಲಸಿಕೆಯನ್ನು ಹಸುವಿಗೆ ಕೊಟ್ಟು ತಡೆದರು. ಆಡಿನಿಂದ ದನಕ್ಕೆ ರಕ್ಷಣೆ ಬಂದದ್ದು ಇದು ಎರಡನೆಯ ಸಲ.

ಎಲ್ಲಕ್ಕಿಂತ ದೊಡ್ಡ ಗುರಿ ಪಿಪಿಆರ್. 2030ರೊಳಗೆ ಜಗತ್ತಿನಿಂದಲೇ ಅದನ್ನು ಅಳಿಸಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಪ್ಯಾರಿಸ್‌ನ ಪ್ರಾಣಿ ಆರೋಗ್ಯ ಸಂಸ್ಥೆಯೂ ಗುರಿಯಿಟ್ಟಿವೆ. ಭಾರತದ ಪಿಪಿಆರ್ ನಿಯಂತ್ರಣದ ಮೊದಲ ಹಂತದಲ್ಲೇ ಕರ್ನಾಟಕ ಸೇರಿತ್ತು. ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು ಹೆಸರು ಮಾಡಿದ ಚಿಕ್ಕನಾಯಕನಹಳ್ಳಿಗೆ ಇದು ದೂರದ ಮಾತಲ್ಲ. ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಕೊಯ್ಲಾದ ಹೊಲಗಳ ಮೇಲೆ ಸಾಗುವ ಕುರಿಗಾಹಿಯ ವರ್ಷದ ಗಳಿಕೆ ಒಂದು ವಾರದಲ್ಲಿ ಹೋಗಬಹುದಾದ ರೋಗ ಅದು. ಕೈಯಲ್ಲಿರುವ ಲಸಿಕೆ ಒಳ್ಳೆಯದು. ಆದರೆ ಅದೂ ಇಡೀ ವೈರಾಣುವಿನ ಲಸಿಕೆಯಾದ್ದರಿಂದ, ಲಸಿಕೆ ಪಡೆದ ಕುರಿ ಯಾವುದು, ಸೋಂಕು ತಗಲಿದ್ದು ಯಾವುದೆಂದು ರಕ್ತ ನೋಡಿ ಹೇಳಲಾಗದು. ದೊಡ್ಡರೋಗದ ಕಾಲದಲ್ಲಿ ಕಾಡಿದ ತೊಡಕೇ ಇದು. ವೈರಾಣುವಿನ ಒಂದೇ ಪ್ರೋಟೀನಿನಿಂದ ರಕ್ಷಣೆ ಕೊಟ್ಟರೆ ಉಳಿದ ಪ್ರೋಟೀನುಗಳ ಪ್ರತಿಕಾಯ ಸೋಂಕಾದ ಕುರಿಯಲ್ಲಿ ಮಾತ್ರ ಕಾಣುತ್ತದೆ, ಲಸಿಕೆ ಪಡೆದದ್ದರಲ್ಲಿ ಕಾಣುವುದಿಲ್ಲ. ಶೈಲಾ ಮತ್ತು ಹೆಬ್ಬಾಳದವರು ಕೂಡಿ ಮಾಡಿದ ಕೆಲಸ ತೋರಿಸಿದ ದಾರಿ ಅದೇ. ಅದನ್ನು ಹಟ್ಟಿಯ ಬಾಗಿಲಿಗೆ ತಲುಪುವ ಲಸಿಕೆಯಾಗಿ ಮಾಡುವ ಕೆಲಸ ಎರಡನೆಯ ಶತಮಾನದ ಹೆಬ್ಬಾಳಕ್ಕೆ ಸೇರಿದ್ದು.